ಹೆಂಗಸರ ಬ್ಯಾರಕ್ಕಿನ ಎಂಟು ತಿಂಗಳು

ಹೋದ ವರ್ಷ ತುರ್ತುಪರಿಸ್ಥಿತಿಗೆ ಐವತ್ತು ತುಂಬಿದಾಗ ಹೊರಮಾವು ಸಿಗ್ನಲ್ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿದ್ದರು. ಅಂದು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದ ನಾಯಕರ ಮುಖಗಳು ಅದರಲ್ಲಿ ಸಾಲಾಗಿದ್ದವು. ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನೋಡಿದೆ. ಒಬ್ಬ ಹೆಂಗಸೂ ಇರಲಿಲ್ಲ. ಅದೇ ತಿಂಗಳು ನಮ್ಮ ಸಮಕಾಲೀನ ಪತ್ರಿಕೆಯೊಂದರ ವಿಶೇಷಾಂಕ ಬಂತು. ಅದರಲ್ಲಿ ಸ್ನೇಹಲತಾ ರೆಡ್ಡಿಯವರಿಗೆ ಸಿಕ್ಕಿದ್ದು ಒಂದೇ ವಾಕ್ಯ: 'ಸಂಸ್ಕಾರ' ಚಿತ್ರದ ಚಂದ್ರಿ ಜೈಲಿನಲ್ಲಿ ಉಬ್ಬಸದಿಂದ ನರಳಿ ತೀರಿಕೊಂಡರು ಎಂದು. ಒಂದು ವಾಕ್ಯದಲ್ಲಿ ಎರಡು ತಪ್ಪು. 1977ರ ಜನವರಿ 15ರಂದು ಪೆರೋಲ್ ಮೇಲೆ ಅವರನ್ನು ಹೊರಗೆ ಕಳಿಸಿದರು, 20ರಂದು ಅವರು ತೀರಿಕೊಂಡರು. ಸಾವಿನ ಲೆಕ್ಕ ತನ್ನ ಪುಸ್ತಕಕ್ಕೆ ಬೀಳದ ಹಾಗೆ ಜೈಲು ನೋಡಿಕೊಂಡಿತ್ತು. ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಜೈಲಿನ ಎಂಟು ತಿಂಗಳು ಅವರು ನರಳುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ ಎಂಬಂತೆ ಬರೆಯುವುದು.

ಅವರು ಮಾಡಿದ್ದು ಏನೆಂದು ಅವರ ಜೈಲಿನ ದಿನಚರಿಯಲ್ಲಿದೆ. 1977ರಲ್ಲಿಯೇ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತ್ತು. ತೆಳ್ಳನೆಯ ಪುಸ್ತಕ. ವಿಚಾರಣೆಯಿಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯ ಬಂದಿಯಾಗಿ ಒಳಗೆ ಬಂದ ಈ ನಟಿಗೆ ಕೊಟ್ಟಿದ್ದು ಒಂಟಿ ಕೋಣೆ, ಮೂಲೆಯಲ್ಲಿ ಕಕ್ಕಸಿಗೊಂದು ತೂತು. ಉಬ್ಬಸದವರನ್ನು ಅಂಥಲ್ಲಿ ಇಟ್ಟರೆ ಏನಾಗುತ್ತದೆಂದು ಹೇಳಲು ಡಾಕ್ಟರೇ ಬೇಕಿಲ್ಲ. ಆದರೆ ದಿನಚರಿಯಲ್ಲಿ ಓದುಗರನ್ನು ಹಿಡಿದು ನಿಲ್ಲಿಸುವುದು ಆ ಕೋಣೆಯ ಆಚೆಗಿದ್ದ ಹೆಂಗಸರು. ಯಾವ ಪಕ್ಷಕ್ಕೂ ಬೇಡವಾದ ಸಾಮಾನ್ಯ ಕೈದಿಗಳು. ಹೊಸದಾಗಿ ಬಂದವಳನ್ನು ಎಲ್ಲರ ಎದುರಿಗೆ ಬಟ್ಟೆ ಬಿಚ್ಚಿಸಿ ನಿಲ್ಲಿಸುತ್ತಿದ್ದರು. ಹೊಡೆಯುವುದು ದಿನದ ಕೆಲಸವಾಗಿತ್ತು. ಅನ್ನ ತಿನ್ನುವ ಹಾಗಿರಲಿಲ್ಲ. ಶಿಕ್ಷೆ ಆದಮೇಲೂ ಮೈಯನ್ನು ಯಾಕೆ ಅವಮಾನಿಸುತ್ತೀರಿ ಎಂದು ಸ್ನೇಹಲತಾ ಬರೆದುಕೊಂಡರು, ಬಾಯಿಬಿಟ್ಟೂ ಕೇಳಿದರು. ಹೊಡೆತ ನಿಲ್ಲುವ ತನಕ ಬಿಡಲಿಲ್ಲ. ಊಟ ಸುಧಾರಿಸುವ ತನಕ ತಾವೇ ಊಟ ಬಿಟ್ಟು ಕೂತರು. ಉಸಿರಿಗೇ ಕಷ್ಟಪಡುತ್ತಿದ್ದ ಜೀವ ಉಪವಾಸ ಕೂತಿತ್ತು, ಅದೂ ತನ್ನ ಬಿಡುಗಡೆಗಾಗಿ ಅಲ್ಲ.

ಇದರ ಜೊತೆಗೇ ಆ ಹೆಂಗಸರೊಂದಿಗೆ ಹಾಡಿದರು, ಆಡಿದರು. ಅವರ ಭಯವನ್ನು ಅರ್ಧದಷ್ಟಾದರೂ ಕಡಿಮೆ ಮಾಡಿದೆ ಎಂಬ ಸಮಾಧಾನವನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಮದ್ರಾಸ್ ಪ್ಲೇಯರ್ಸ್ ಕಟ್ಟಿದವರಲ್ಲಿ ಒಬ್ಬರು ಅವರು. ಕುಗ್ಗಿದ ದನಿಯನ್ನು ಎತ್ತರಿಸುವುದು, ತಲೆ ತಗ್ಗಿಸಿ ನಿಂತವರನ್ನು ನೆಟ್ಟಗೆ ನಿಲ್ಲಿಸುವುದು ರಂಗದ ಮೇಲೆ ದುಡಿದವರಿಗೆ ಗೊತ್ತಿರುವ ಕೆಲಸ. ನಮ್ಮ ರಂಗಭೂಮಿಯ ಚರಿತ್ರೆ ಬರೆಯುವವರು ಆ ಬ್ಯಾರಕ್ಕನ್ನೂ ಸೇರಿಸಿಕೊಳ್ಳಬೇಕೆಂದು ನಾನು ಹಟ ಹಿಡಿದು ಹೇಳುತ್ತೇನೆ.

ಇಷ್ಟು ಹೇಳಿದ ಕೂಡಲೇ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಅವರು ಜಾರ್ಜ್ ಫರ್ನಾಂಡಿಸ್ ಕಡೆಯವರು, ಬರೋಡ ಡೈನಮೈಟ್ ಪ್ರಕರಣವನ್ನು ಮರೆಯಬೇಡಿ ಎಂಬುದು ಮೊದಲನೆಯದು. ಮರೆತಿಲ್ಲ. ಸ್ನೇಹಲತಾ, ಅವರ ಪತಿ ಪಟ್ಟಾಭಿರಾಮ ರೆಡ್ಡಿ ಇಬ್ಬರೂ ಲೋಹಿಯಾವಾದಿಗಳು, ಜಾರ್ಜ್ ಅವರ ಆಪ್ತರು. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಆದರೆ ಆ ಪ್ರಕರಣದಲ್ಲಿ ಜಾರ್ಜ್ ಮತ್ತು ಇತರ 24 ಮಂದಿಯ ಮೇಲೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಸ್ನೇಹಲತಾ ಹೆಸರಿಲ್ಲ. ಹೆಸರಿಲ್ಲವೆಂದು ಗೊತ್ತಾದ ಮೇಲೂ ತಿಂಗಳುಗಟ್ಟಲೆ ಬಿಡಲಿಲ್ಲ. ತಪ್ಪು ಮಾಡಿದ್ದರೆ ಕೋರ್ಟಿನ ಮುಂದೆ ನಿಲ್ಲಿಸಬೇಕಿತ್ತು. ಕೋರ್ಟಿನ ಮಾತೆತ್ತಿದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಬಂಧನ ಸರಿಯೇ ಎಂದು ಕೇಳುವ ಹಕ್ಕೂ ಪ್ರಜೆಗಿಲ್ಲವೆಂದು ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ತೀರ್ಪು ಕೊಟ್ಟಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಸ್ನೇಹಲತಾ ಅವರನ್ನು ಹಿಡಿದಿದ್ದು ಅದಾಗಿ ನಾಲ್ಕೇ ದಿನಕ್ಕೆ, ಮೇ 2ರಂದು. ಆ ತೀರ್ಪನ್ನು ಅಳಿಸಿಹಾಕಲು 2017ರ ತನಕ ಕಾಯಬೇಕಾಯಿತು. ಅದನ್ನು ಅಳಿಸಿದ ಮೊಕದ್ದಮೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ.

ಎರಡನೆಯ ಆಕ್ಷೇಪ ನಮ್ಮ ಗೆಳೆಯರದೇ. ದೇವರಾಜ ಅರಸು ಅವರ ಹೆಸರಿಗೆ ಮಸಿ ಬಳಿಯಬೇಡಿ ಎನ್ನುತ್ತಾರೆ. ಉಳುವವನಿಗೆ ಹೊಲ ಕೊಡಿಸಿದ ಅರಸರ ಬಗ್ಗೆ ನನಗಿರುವ ಗೌರವ ಯಾರಿಗೂ ಕಡಿಮೆಯಿಲ್ಲ. ಆದರೆ ಜೈಲು ರಾಜ್ಯ ಸರ್ಕಾರದ್ದು. ಆಗಿನ ಮುಖ್ಯಮಂತ್ರಿ ಅರಸು. ಆ ಕೋಣೆಯ ಬೀಗದ ಕೈ ದೆಹಲಿಯಲ್ಲಿ ಮಾತ್ರ ಇತ್ತು ಎಂದು ನಂಬಿಕೊಂಡು ನಮ್ಮ ಪ್ರಗತಿಪರರು ಐವತ್ತು ವರ್ಷ ನೆಮ್ಮದಿಯಿಂದ ಇದ್ದಾರೆ. ಇದು ಪ್ರಾಮಾಣಿಕತೆಯಲ್ಲ.

ಫ್ಲೆಕ್ಸ್ ಕಟ್ಟಿಸಿದವರಿಗೂ ಒಂದು ಮಾತು. ಅದೇ ಜೈಲಿನಲ್ಲಿದ್ದ ಅಡ್ವಾಣಿಯವರು ದಿನಚರಿ ಬರೆದರು, ಅದು ದೇಶವೆಲ್ಲ ಓದಿದ ಪುಸ್ತಕವಾಯಿತು. ಗಂಡಸರ ಕಡೆ ಸಹವಾಸವಿತ್ತು, ಚರ್ಚೆಯಿತ್ತು. ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಅವರ ಕೋಣೆಯಿಂದ ಚೀರುವ ದನಿ ಕೇಳುತ್ತಿತ್ತು ಎಂದು ಅಲ್ಲೇ ಬಂದಿಯಾಗಿದ್ದ ಮಧು ದಂಡವತೆ ಬರೆದಿದ್ದಾರೆ. ಬರೆದರಲ್ಲ ಎಂದು ಅವರಿಗೆ ನಮಸ್ಕಾರ. ಆದರೆ ಮುಂದೆ ಬಂದವರೆಲ್ಲ ಆ ಚೀರುವ ದನಿಯೊಂದನ್ನೇ ಹಿಡಿದುಕೊಂಡರು. ಹಗಲು ಹೊತ್ತಿನಲ್ಲಿ ಆಕೆಯ ಹಾಡು ಕೇಳಿದವರು ಹೆಂಗಸರ ಬ್ಯಾರಕ್ಕಿನವರು. ಅವರ ಹೇಳಿಕೆ ಪಡೆಯಲು ಯಾರೂ ಹೋಗಲಿಲ್ಲ. ಮೀಸಾದಲ್ಲಿ ಒಳಗಿದ್ದವರಿಗೆ ಕೆಲವು ರಾಜ್ಯಗಳು ಗೌರವಧನ ಕೊಡುತ್ತಿವೆ. ಆ ಹೆಂಗಸರ ಹೆಸರೂ ನಮ್ಮ ಹತ್ತಿರ ಇಲ್ಲ.

ತುರ್ತುಪರಿಸ್ಥಿತಿ ಹೇರಿದ ಜೂನ್ 25ನ್ನು 'ಸಂವಿಧಾನ ಹತ್ಯಾ ದಿನ' ಎಂದು 2024ರಲ್ಲಿ ಘೋಷಿಸಿದವರು ಇಂದಿನ ಜೈಲುಗಳ ಬಾಗಿಲನ್ನೂ ಒಮ್ಮೆ ತೆಗೆದು ನೋಡಲಿ. 2022ರ ಸರ್ಕಾರಿ ಲೆಕ್ಕದಲ್ಲೇ ದೇಶದ 5,73,220 ಕೈದಿಗಳ ಪೈಕಿ 4,34,302 ಮಂದಿ ವಿಚಾರಣಾಧೀನರು. ಅಪರಾಧ ಸಾಬೀತಾಗದೆ ಒಳಗಿರುವವರು ಎಂದರ್ಥ. ಅವರಲ್ಲಿ ಎಷ್ಟು ಜನ ಇನ್ನೊಬ್ಬರಿಗೆ ಅಕ್ಷರ ಕಲಿಸುತ್ತಿದ್ದಾರೋ, ಜಾಮೀನು ಅರ್ಜಿ ಬರೆದುಕೊಡುತ್ತಿದ್ದಾರೋ.

ಬರುವ ಜನವರಿ 20ಕ್ಕೆ ಸ್ನೇಹಲತಾ ಹೋಗಿ ಐವತ್ತು ವರ್ಷ. ನಮ್ಮ ಜನವರಿ ಸಂಚಿಕೆ ಜೈಲಿನ ಹೆಂಗಸರ ಕುರಿತು, ಬರಹಗಳನ್ನು ಡಿಸೆಂಬರ್ 10ರೊಳಗೆ ಕಳಿಸಿ.

ಶೇಷಾದ್ರಿ ರಸ್ತೆಯ ಆ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ ಮಾಡುವವರೆಲ್ಲ ಅಲ್ಲಿಗೇ ಹೋಗಬೇಕು. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಹಗಲೂ ರಾತ್ರಿ ಅಲ್ಲಿ ಕೂತಿದ್ದಾಗ ನಾನೂ ಹೋಗಿದ್ದೆ. ಕೊಪ್ಪಳ ಕಡೆಯವರೊಬ್ಬರು ಹಳೆಯ ಗೋಡೆ ನೋಡುತ್ತಾ, "ಇಲ್ಲೆ ಹೆಣ್ಮಕ್ಕಳನ್ನೂ ಇಡ್ತಿದ್ರೇನ್ರಿ ಸರ್?" ಎಂದು ಕೇಳಿದರು. ಕೂತು ಎಲ್ಲವನ್ನೂ ಹೇಳಿದೆ. ಸುತ್ತ ನಾಲ್ಕಾರು ಜನ ಸೇರಿದರು. ಉಪವಾಸದ ಮಾತು ಬಂದಾಗ ಆಕೆ ನಡುವೆಯೇ ತಡೆದು, "ಮುಂದ ಊಟ ಚಲೋ ಆತೇನ್ರಿ?" ಎಂದರು.

ಆಯಿತು ಎಂದೆ.