ಪದರಯುತ ಮೃದುಶಿಲೆಯಲ್ಲಿ ಸುರಂಗ ನಿರ್ಮಾಣ

ಪದರಯುತ ಮೃದುಶಿಲೆ ಎಂದರೆ ಪದರುಪದರಾಗಿ ರಚನೆಗೊಂಡ, ಕಡಿಮೆ ಬಲದ, ನೀರು ತಾಗಿದರೆ ಬೇಗನೆ ಸಡಿಲಗೊಳ್ಳುವ ಶಿಲೆ. ಜೇಡಿಶಿಲೆ ಹಾಗೂ ಫಿಲೈಟ್ ಇದಕ್ಕೆ ಉದಾಹರಣೆಗಳು. ಕರ್ನಾಟಕದ ಕರಾವಳಿಯಲ್ಲಿ ಮುರಕಲ್ಲಿನ ಅಡಿಯಲ್ಲಿರುವ ಶೇಡಿಮಣ್ಣಿನ ಸ್ತರವು ಪೂರ್ಣ ಶಿಲೆಯಲ್ಲದಿದ್ದರೂ ಸುರಂಗ ತೋಡುವವರಿಗೆ ಇಂಥದೇ ತೊಡಕುಗಳನ್ನು ಒಡ್ಡುತ್ತದೆ.

ಶಿಲೆಯ ವರ್ತನೆ

ರಾಮನಗರ, ಕೂಟಗಲ್ ಸುತ್ತಲಿನ ಬೆಟ್ಟಗಳ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಬಿರುಕಿಲ್ಲದ ಕಡೆ ಅದನ್ನು ಯಾವ ದಿಕ್ಕಿನಿಂದ ಒತ್ತಿದರೂ ಬಲ ಹೆಚ್ಚುಕಡಿಮೆ ಒಂದೇ. ಪದರಶಿಲೆ ಹಾಗಲ್ಲ. ಪದರಗಳಿಗೆ ಲಂಬವಾಗಿ ಬಿದ್ದ ಒತ್ತಡವನ್ನು ಅದು ತಾಳಿಕೊಳ್ಳುತ್ತದೆ. ಒತ್ತಡದ ದಿಕ್ಕಿಗೂ ಪದರಕ್ಕೂ ನಡುವೆ ಸುಮಾರು 30 ಡಿಗ್ರಿ ಕೋನವಿದ್ದಾಗ ಪದರಗಳು ಸುಲಭವಾಗಿ ಜಾರುತ್ತವೆ. ಪದರಗಳು ಅಡ್ಡಲಾಗಿ ಮಲಗಿದ್ದರೆ ಸುರಂಗದ ಮೇಲ್ಛಾವಣಿ ತೊಲೆಯಂತೆ ಬಾಗಿ ಮುರಿಯಬಹುದು. ಓರೆಯಾಗಿದ್ದರೆ ಒಂದು ಪಕ್ಕದ ಗೋಡೆಯೇ ಹೆಚ್ಚಾಗಿ ಒಳಸರಿಯಬಹುದು. ಈ ಚಲನೆ ತೋಡಿದ ದಿನವೇ ಮುಗಿಯದೆ ತಿಂಗಳುಗಟ್ಟಲೆ ಮುಂದುವರಿಯುವುದೂ ಉಂಟು. ಆದ್ದರಿಂದ ಒಂದು ತುಣುಕು ಕಲ್ಲಿನ ಪರೀಕ್ಷೆಯಿಂದ ದೊರೆತ ಒಂದೇ ಅಂಕಿಯನ್ನು ನೆಚ್ಚಿ ವಿನ್ಯಾಸ ಮಾಡಲಾಗದು.

ಕರಾವಳಿಯ ಅನುಭವ

ಮುರಕಲ್ಲು ರಂಧ್ರಮಯವಾದುದು. ಮಳೆಗಾಲದಲ್ಲಿ ಅದರ ಮೂಲಕ ಇಳಿದ ನೀರು ಕೆಳಗಿನ ಶೇಡಿಮಣ್ಣನ್ನು ಸೇರುತ್ತದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಈ ಮಣ್ಣು ನೆನೆದಾಗ ಬಲ ಕಳೆದುಕೊಂಡು ಕೆಸರಾಗಿ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಡೀಲ್ ಮತ್ತು ಕುಲಶೇಖರ ನಡುವೆ ಗುಡ್ಡ ಕುಸಿದು ಹಲವು ದಿನ ರೈಲು ಸಂಚಾರ ಸ್ಥಗಿತಗೊಂಡಿತ್ತು.

ಕೊಂಕಣ ರೈಲ್ವೆಯ ನಿರ್ಮಾಣದಲ್ಲಿ ಗಟ್ಟಿ ಬಂಡೆಗಿಂತ ಮೆತ್ತನೆಯ ನೆಲದ ಸುರಂಗಗಳೇ ಹೆಚ್ಚು ಕಾಡಿದವು. ಗೋವಾದ ಪೆರ್ನೆಂ ಸುರಂಗದಲ್ಲಿ ಕೆಲಸ ಪದೇ ಪದೇ ಕುಸಿತಕ್ಕೆ ಸಿಲುಕಿ ವರ್ಷಗಟ್ಟಲೆ ಸಾಗಿತು. ಇಡೀ ಮಾರ್ಗ ತೆರೆದುಕೊಂಡದ್ದು 1998ರ ಜನವರಿ 26ರಂದು. ಮಾರ್ಗದ ನಿರ್ಮಾಣದಲ್ಲಿ ಪ್ರಾಣ ತೆತ್ತ ಕಾರ್ಮಿಕರ ಸ್ಮಾರಕ ರತ್ನಾಗಿರಿಯಲ್ಲಿದೆ. ಆದರೆ ತೊಂದರೆ ಉದ್ಘಾಟನೆಯೊಂದಿಗೆ ಮುಗಿಯಲಿಲ್ಲ. 2020ರ ಆಗಸ್ಟ್‌ನಲ್ಲಿ ಪೆರ್ನೆಂ ಸುರಂಗದ ಗೋಡೆಯ ಭಾಗ ಕುಸಿಯಿತು. 2024ರ ಜುಲೈನಲ್ಲಿ ಪೆರ್ನೆಂ ಬಳಿ ಸುರಂಗದೊಳಗೆ ನೀರು ನುಗ್ಗಿ ಸಂಚಾರ ಮತ್ತೆ ನಿಂತಿತು. ಮುಂಬಯಿಯಲ್ಲಿ ನೆಲೆಸಿರುವ ಉಡುಪಿ, ಮಂಗಳೂರು ಕಡೆಯ ಕುಟುಂಬಗಳಿಗೆ ಊರಿನ ದಾರಿಯೇ ಕಡಿದಂತಾಯಿತು.

ರಕ್ಷಣಾ ಕ್ರಮಗಳು

ಇಂಥ ನೆಲದಲ್ಲಿ ಒಮ್ಮೆಗೆ ಸ್ವಲ್ಪವೇ ತೋಡಿ, ತಡಮಾಡದೆ ಶಾಟ್‌ಕ್ರೀಟ್ ಸಿಂಪಡಿಸಿ, ರಾಕ್ ಬೋಲ್ಟ್ ಹಾಗೂ ಉಕ್ಕಿನ ಕಮಾನುಗಳ ಆಧಾರ ಕೊಡಲಾಗುತ್ತದೆ. ಮುಂದಿನ ನೆಲ ತೀರ ಸಡಿಲವಾಗಿದ್ದರೆ ತೋಡುವ ಮೊದಲೇ ಮೇಲ್ಭಾಗಕ್ಕೆ ಕೊಳವೆಗಳನ್ನು ತೂರಿಸಿ ಸಿಮೆಂಟ್ ಗಾರೆ ತುಂಬುವುದುಂಟು. ಗೋಡೆಗಳು ಎಷ್ಟು ಒಳಸರಿದಿವೆ ಎಂಬುದನ್ನು ಅಳೆದು ಆಧಾರವನ್ನು ಹೆಚ್ಚಿಸುವುದು ಈ ವಿಧಾನದ ಜೀವಾಳ. ನೀರು ಗೋಡೆಯ ಹಿಂದೆ ನಿಲ್ಲದಂತೆ ಹೊರಗೆ ಹರಿಯಲು ದಾರಿ ಮಾಡುವುದೂ ಅಷ್ಟೇ ಮುಖ್ಯ.

ಪ್ರಸ್ತುತತೆ

2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಹಿಮಾಲಯದ ದುರ್ಬಲ ಶಿಲೆಯಲ್ಲಿ ಕುಸಿದು 41 ಕಾರ್ಮಿಕರು ಸಿಲುಕಿದರು. 17ನೆಯ ದಿನ ಎಲ್ಲರೂ ಜೀವಂತವಾಗಿ ಹೊರಬಂದರು. ಅಲ್ಲಿನ ಕುಸಿತ ನಿರ್ಮಾಣದ ನಡುವೆ ಸಂಭವಿಸಿದರೆ, ಪೆರ್ನೆಂನಲ್ಲಿ ಮಾರ್ಗ ತೆರೆದು ಎರಡು ದಶಕಗಳ ಬಳಿಕ ಗೋಡೆ ಬಿದ್ದಿತು. ಪಶ್ಚಿಮ ಘಟ್ಟ ಹಾಗೂ ಕರಾವಳಿಯಲ್ಲಿ ಹೊಸ ಸುರಂಗಗಳ ಪ್ರಸ್ತಾಪ ಬಂದಾಗಲೆಲ್ಲ ಉದ್ದ ಮತ್ತು ವೆಚ್ಚದ ಚರ್ಚೆಯೇ ಮುಂದಾಗುತ್ತದೆ. ನೆಲದ ಪೂರ್ವಪರೀಕ್ಷೆಗೆ ಕೊಡುವ ಕಾಲ ಹಾಗೂ ಮಾರ್ಗ ತೆರೆದ ಬಳಿಕವೂ ಪ್ರತಿ ಮಳೆಗಾಲದಲ್ಲಿ ನಡೆಯಬೇಕಾದ ಅಳತೆ, ತಪಾಸಣೆಗಳ ಖರ್ಚು ಯೋಜನೆಯ ಅಂದಾಜಿನಲ್ಲೇ ಸೇರಬೇಕೆಂಬುದನ್ನು ಈ ಘಟನೆಗಳು ತೋರಿಸುತ್ತವೆ.