ಕಥೆಯನ್ನು ಹೇಳುವವರು ಯಾರು?

ಚಲನಚಿತ್ರವೊಂದರ ಕಥೆಯನ್ನು ಬರೆಯಹೇಳಿದರೆ ನಮ್ಮ ವಿದ್ಯಾರ್ಥಿನಿಯರು 'ಆಮೇಲೆ, ಆಮೇಲೆ' ಎಂದು ಸಂಗತಿಗಳನ್ನು ಪೋಣಿಸುತ್ತ ಹೋಗುವರು. ಕಥೆಯ ಹಂದರವನ್ನು ಅರಿಯಬೇಕಾದರೆ, ಹೇಳುವವರು ಯಾರು, ಏನನ್ನು ಬಚ್ಚಿಟ್ಟರು ಎಂಬುದನ್ನು ಮೊದಲು ಕೇಳಬೇಕೆಂದು ನನ್ನ ಅಭಿಪ್ರಾಯವು.

ಜಪಾನಿನ ಅಕಿರ ಕುರೊಸಾವರು 1950ರಲ್ಲಿ ನಿರ್ದೇಶಿಸಿದ 'ರಾಶೋಮೋನ್' ಚಿತ್ರವನ್ನು ನೋಡಿರಿ. ಅಡವಿಯಲ್ಲಿ ಯೋಧನೊಬ್ಬನು ಸತ್ತಿದ್ದಾನೆ. ದರೋಡೆಕಾರನು ಒಂದು ಬಗೆಯಾಗಿಯೂ, ಯೋಧನ ಪತ್ನಿಯು ಇನ್ನೊಂದು ಬಗೆಯಾಗಿಯೂ, ಸತ್ತವನೇ ಒಬ್ಬಳ ಮೈಮೇಲೆ ಬಂದು ಮತ್ತೊಂದು ಬಗೆಯಾಗಿಯೂ ಸಾಕ್ಷಿ ನುಡಿಯುವರು. ಹೆಣವನ್ನು ಮಾತ್ರ ಕಂಡೆನೆಂದಿದ್ದ ಸೌದೆ ಕಡಿಯುವವನು, ಎಲ್ಲವನ್ನೂ ನೋಡಿದ್ದೆನೆಂದು ತರುವಾಯ ಒಪ್ಪುವನು. ಆದರೂ ಕಠಾರಿಯ ಸಂಗತಿಯನ್ನು ಬಿಟ್ಟುಬಿಡುವನು. ನ್ಯಾಯಾಧಿಪತಿಯ ಮುಖವಾಗಲಿ ಧ್ವನಿಯಾಗಲಿ ಚಿತ್ರದಲ್ಲಿಲ್ಲ. ಆ ಪೀಠದಲ್ಲಿ ಕುಳಿತವರು ನಾವೇ.

ಚಿತ್ರ ನೋಡಿದರೆ ಹೆಣ್ಣುಮಕ್ಕಳು ಕೆಡುವರೆನ್ನುವ ಹಿರಿಯರು ಇನ್ನೂ ಉಂಟು. ಈ ಚಿತ್ರವನ್ನು ಹೀಗೆ ನೋಡಲು ಕಲಿತ ಹುಡುಗಿಯಾದರೋ, ಇನ್ನೊಬ್ಬ ಹುಡುಗಿಯ ಮೇಲೆ ಬಂದ ಅಪವಾದವನ್ನು ಕೇಳಿದೊಡನೆ ನಂಬಳು. ಹೇಳಿದವರಾರು, ಹಾಗೆ ಹೇಳಿದುದರಿಂದ ಅವರಿಗಾದ ಲಾಭವೇನು ಎಂದು ವಿಚಾರಿಸುವಳು.

ಕನ್ನಡದಲ್ಲಿಯೂ 2014ರ 'ಉಳಿದವರು ಕಂಡಂತೆ' ಚಿತ್ರವು ಹಲವರ ಕಣ್ಣುಗಳಿಂದ ಕಥೆಯನ್ನು ಕಾಣಿಸುತ್ತದೆ. ಅಷ್ಟು ದೂರ ಹೋಗಲೂ ಬೇಕಿಲ್ಲ. ಪುಣ್ಯಕೋಟಿಯ ಕಥೆಯನ್ನು ಒಮ್ಮೆ ಹುಲಿಯ ಬಾಯಿಂದ ಬರೆಸಿ ನೋಡಿರಿ. ಅದು ಹಸಿವೆಯಿಂದ ತೊಡಗುವುದು.