ಮರೆತುಬಿಡಿ ಎನ್ನುವವರಿಗೆ

ಹೋದ ವರ್ಷ ನಮ್ಮೂರಿನ ಮಹಿಳಾ ಸಮಾಜದಲ್ಲಿ ನನ್ನನ್ನು ಮಾತಾಡಲು ಕರೆದಿದ್ದರು. 'ಅಮೆರಿಕದಲ್ಲಿ ಕಂಡದ್ದು' ಎಂಬುದು ವಿಷಯ. ನಯಾಗರಾ ಜಲಪಾತದ ಬಗ್ಗೆಯೋ ಅಲ್ಲಿನ ದೊಡ್ಡ ದೊಡ್ಡ ಅಂಗಡಿಗಳ ಬಗ್ಗೆಯೋ ಹೇಳುತ್ತೇನೆಂದು ಎಲ್ಲರೂ ಕಾದಿದ್ದರು. ನಾನು ವಾಷಿಂಗ್ಟನ್ನಿನ ಒಂದು ಮ್ಯೂಸಿಯಮ್ಮಿನ ಬಗ್ಗೆ, ಹಿಟ್ಲರನ ಕಾಲದಲ್ಲಿ ಕೊಲೆಯಾದ ಯಹೂದಿಗಳ ಫೋಟೊಗಳ ಬಗ್ಗೆ ಹೇಳಿದೆ. ಮುಗಿದ ಮೇಲೆ ಕಾಫಿಯ ಹೊತ್ತಿಗೆ ನನಗಿಂತ ಹಿರಿಯರೊಬ್ಬರು ಹತ್ತಿರ ಬಂದರು. "ಅಲ್ಲಮ್ಮಾ, ಆಗಿದ್ದು ಆಗಿಹೋಯಿತು. ಎಂಬತ್ತು ವರ್ಷದ ಹಿಂದಿನ ಹೆಣಗಳನ್ನು ಯಾಕೆ ಮತ್ತೆ ಮತ್ತೆ ಅಗೆಯಬೇಕು? ಮರೆತರೆ ತಾನೇ ನೆಮ್ಮದಿ?" ಎಂದರು. ಇನ್ನೊಬ್ಬರು, "ಅಷ್ಟಕ್ಕೂ ಯಾವುದೋ ದೇಶದ್ದು, ನಮಗೇನು?" ಎಂದು ದನಿಗೂಡಿಸಿದರು. ಕೈಯಲ್ಲಿ ಕಾಫಿ ಲೋಟ, ಬಾಯಲ್ಲಿ ಉತ್ತರವಿಲ್ಲ. ನಕ್ಕು ಸುಮ್ಮನಾದೆ. ಆ ನಗುವಿಗೆ ನನಗೆ ಇವತ್ತಿಗೂ ನಾಚಿಕೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನನಗೆ ಈ ವಿಷಯ ಹೇಗೆ ಅಂಟಿಕೊಂಡಿತು ಎಂಬುದನ್ನು ಹೇಳಬೇಕು. 2011ರಲ್ಲಿ ಮಗಳ ಬಾಣಂತನಕ್ಕೆಂದು ಮೇರಿಲ್ಯಾಂಡಿಗೆ ಹೋಗಿ ಆರು ತಿಂಗಳಿದ್ದೆ. ಪಕ್ಕದ ಮನೆಯಲ್ಲಿ ಎಂಬತ್ತೆರಡು ವರ್ಷದ ಅಜ್ಜಿಯೊಬ್ಬರಿದ್ದರು. ಮಗು ನೋಡಲು ಬಂದವರು ದಿನವೂ ಬರತೊಡಗಿದರು. ನನ್ನ ಹರಕು ಇಂಗ್ಲಿಷು ಅವರಿಗೆ ಸಾಕಾಗಿತ್ತು. ಒಂದು ದಿನ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದರು. ಮಗ ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವ ಏರ್ಪಾಡಿನಲ್ಲಿದ್ದ. ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಕಾಗದ ಬಿಸಾಡೋಣ, ಅಲ್ಲಿ ಜಾಗ ಕಡಿಮೆ ಎಂದಿದ್ದನಂತೆ. "ನಿನ್ನ ಮನೆಯಲ್ಲಿ ನಾಲ್ಕು ದಿನ ಇಟ್ಟುಕೊಳ್ಳುತ್ತೀಯಾ?" ಎಂದು ನನ್ನನ್ನು ಕೇಳಿದರು.

ಡಬ್ಬಿಯಲ್ಲಿ ಇದ್ದದ್ದು ಒಂಬತ್ತು ಫೋಟೊ, ದಾರ ಕಟ್ಟಿದ ಒಂದು ನಂಬರಿನ ರಟ್ಟು, ಮಕ್ಕಳಿಗೆ ಕೊಡುವ ಗುರುತಿನ ಚೀಟಿ ಮತ್ತು ನಾಲ್ಕು ಪತ್ರ. ಅಜ್ಜಿ ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. 1938ರ ನವೆಂಬರಿನಲ್ಲಿ ದೇಶದ ಉದ್ದಗಲಕ್ಕೂ ಯಹೂದಿಗಳ ಮಂದಿರಗಳಿಗೆ ಬೆಂಕಿ ಇಟ್ಟ ಮೇಲೆ, ಇಂಗ್ಲೆಂಡು ಮಕ್ಕಳನ್ನಷ್ಟೇ ಒಳಗೆ ಬಿಟ್ಟುಕೊಳ್ಳಲು ಒಪ್ಪಿತು. ಯುದ್ಧ ಶುರುವಾಗುವವರೆಗಿನ ಒಂಬತ್ತು ತಿಂಗಳಲ್ಲಿ ಸುಮಾರು 10,000 ಮಕ್ಕಳು ಹಾಗೆ ದಾಟಿದರು. ಹತ್ತು ವರ್ಷದ ಈ ಹುಡುಗಿಯೂ ಕೊರಳಿಗೆ ಆ ರಟ್ಟು ತೂಗಿಸಿಕೊಂಡು ರೈಲು ಹತ್ತಿದಳು. ಗುರುತಿನ ಚೀಟಿಯ ಮೇಲೆ ಕೆಂಪು 'ಜೆ' ಅಕ್ಷರದ ಮುದ್ರೆ. ಹೆಸರಿನ ನಡುವೆ ಒಂದು 'ಸಾರಾ'. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. 1939ರ ಜನವರಿ 1ರಿಂದ ಜರ್ಮನಿಯ ಯಹೂದಿ ಹೆಣ್ಣುಗಳೆಲ್ಲ 'ಸಾರಾ' ಎಂದೂ ಗಂಡಸರೆಲ್ಲ 'ಇಸ್ರೇಲ್' ಎಂದೂ ಸೇರಿಸಿಕೊಳ್ಳಬೇಕೆಂದು ಸರಕಾರವೇ ಕಾನೂನು ಮಾಡಿತ್ತು. ಯಹೂದಿ ಎಂದು ಹೊರಗಿನವರಿಗೂ ತಿಳಿಯುವ ಹೆಸರಿದ್ದವರಿಗೆ ಮಾತ್ರ ವಿನಾಯಿತಿ. ಕೊಲ್ಲುವ ಮೊದಲು ಹೆಸರು ಕಸಿಯುವುದು ಅವರ ಪದ್ಧತಿ.

ಪತ್ರಗಳು ರೆಡ್‌ಕ್ರಾಸ್ ಮೂಲಕ ಬಂದವು. ಯುದ್ಧದಲ್ಲಿ ಎದುರಾಳಿ ದೇಶಗಳ ನಡುವೆ ಟಪಾಲು ನಿಂತಿದ್ದರಿಂದ ರೆಡ್‌ಕ್ರಾಸಿನ ಫಾರಂ ಮೇಲೆ 25 ಪದ ಬರೆಯಬಹುದಿತ್ತು. ತಲುಪಲು ತಿಂಗಳುಗಟ್ಟಲೆ. ಸೋದರಿಯರೇ, ಒಂದು ಸಲ ಯೋಚಿಸಿ. ದೂರದ ಮಗಳಿಗೆ ತಾಯಿ ಬರೆಯಬೇಕು, 25 ಪದದಲ್ಲಿ. ಆ ತಾಯಿ ಒಂದು ಪತ್ರದಲ್ಲಿ ಬೂಟು ಬಿಗಿಯಾಯಿತೇ ಎಂದು ಕೇಳಿದ್ದಳು. 1942ರ ನಂತರ ಪತ್ರವಿಲ್ಲ. ಆ ವರ್ಷ ಅಪ್ಪ ಅಮ್ಮನನ್ನು ಪೂರ್ವದ ಕಡೆ ಹೋಗುವ ರೈಲಿಗೆ ಹತ್ತಿಸಿದ್ದರು.

ಈಗ ಹೇಳಿ, ಈ ಡಬ್ಬಿಯ ಮುಂದೆ ಕುಳಿತು ಆ ಅಜ್ಜಿಗೆ "ಮರೆತುಬಿಡಿ" ಎನ್ನಲು ಯಾರಿಗೆ ಬಾಯಿ ಬರುತ್ತದೆ? ಮರೆವಿನ ನೆಮ್ಮದಿ ಕಳೆದುಕೊಳ್ಳದವರಿಗೆ ಮಾತ್ರ ಸಿಗುವಂಥದ್ದು.

"ಹೆಣ ಅಗೆಯಬೇಡಿ" ಎಂದರಲ್ಲ, ಅವರು ತಿಳಿಯಲಿ ಎಂದು ಹೇಳುತ್ತೇನೆ. ಹೆಣ ಅಗೆದವರು ಕೊಂದವರೇ. 1942ರಿಂದ 1944ರವರೆಗೆ ನಾಜಿಗಳು ತಾವೇ ಹೂತಿದ್ದ ಸಾಮೂಹಿಕ ಗುಂಡಿಗಳನ್ನು ಅಗೆಸಿ, ಹೆಣಗಳನ್ನು ಸುಡಿಸಿ, ಬೂದಿ ಚೆಲ್ಲಿಸಿದರು. ಆ ಕೆಲಸಕ್ಕೂ ಕೈದಿಗಳನ್ನೇ ಹಚ್ಚಿದರು. ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರವನ್ನು 1943ರಲ್ಲಿ ಕೆಡವಿ, ನೆಲ ಉತ್ತು, ಗಿಡ ಬೆಳೆಸಿ, ಒಂದು ತೋಟದ ಮನೆ ಕಟ್ಟಿದರು. ಮರೆವು ಕಾಲ ತಾನಾಗಿ ಕೊಟ್ಟ ಔಷಧಿಯಲ್ಲ. ಕೊಲೆಯ ಕೊನೆಯ ಕೆಲಸ. ಆದ್ದರಿಂದ ಒಂದು ಫೋಟೊ ಉಳಿಸಿದವರು, ಒಂದು ಚೀಟಿ ಮುಚ್ಚಿಟ್ಟವರು, ಆ ಕೆಲಸ ಪೂರ್ತಿಯಾಗದಂತೆ ತಡೆದವರು.

ಲಿಲಿ ಜೇಕಬ್ ಎಂಬ ಹುಡುಗಿಯ ಕಥೆ ಕೇಳಿ. 1944ರಲ್ಲಿ, ಆಗ ಹಂಗೆರಿಯ ಕೈಯಲ್ಲಿದ್ದ ಬಿಲ್ಕೆ ಎಂಬ ಊರಿನಿಂದ, ಹದಿನೆಂಟರ ಈ ಹುಡುಗಿಯನ್ನು ಅಪ್ಪ, ಅಮ್ಮ, ಐವರು ತಮ್ಮಂದಿರ ಜೊತೆ ಆಶ್‌ವಿಟ್ಜ್‌ಗೆ ತಂದರು. ಉಳಿದದ್ದು ಅವಳೊಬ್ಬಳೇ. 1945ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ನೂರಾರು ಮೈಲಿ ದೂರದ ಡೋರಾ ಶಿಬಿರದಲ್ಲಿ ಜ್ವರದಿಂದ ಮಲಗಿದ್ದಳು. ಕಾವಲುಗಾರರು ಬಿಟ್ಟುಹೋದ ಕಟ್ಟಡದಲ್ಲಿ ಬೆಚ್ಚನೆಯ ಬಟ್ಟೆ ಏನಾದರೂ ಸಿಕ್ಕೀತೆಂದು ಕಪಾಟು ತೆರೆದರೆ, ಸಿಕ್ಕಿದ್ದು ಒಂದು ಫೋಟೊ ಆಲ್ಬಂ. ಅದರಲ್ಲಿ ಅವಳ ಊರಿನ ಧರ್ಮಗುರು, ನೆರೆಹೊರೆಯವರು. ಪುಟ ತಿರುಗಿಸಿದರೆ ಅವಳ ಪುಟ್ಟ ತಮ್ಮಂದಿರಿಬ್ಬರು. ಅವರು ರೈಲಿಳಿದ ದಿನ ಕಾವಲು ಪಡೆಯವರೇ ತೆಗೆದ ಚಿತ್ರಗಳು. ತಮ್ಮಂದಿರ ಮುಖ ನೋಡಬೇಕೆಂದರೆ ಕೊಲೆಗಾರ ತೆಗೆದ ಫೋಟೊವನ್ನೇ ನೋಡಬೇಕು!

ಅವಳು ಅದನ್ನು ಸುಡಲಿಲ್ಲ. ಅಮೆರಿಕಕ್ಕೆ ಹೋದ ಮೇಲೆ, ಬದುಕುಳಿದ ಎಷ್ಟೋ ಮಂದಿ ಅವಳ ಮನೆಗೆ ಹುಡುಕಿಕೊಂಡು ಬಂದರು. ತಮ್ಮವರ ಮುಖ ಗುರುತಿಸಿದವರಿಗೆ ಆಲ್ಬಮ್ಮಿನಿಂದ ಆ ಫೋಟೊವನ್ನೇ ಬಿಡಿಸಿ ಕೊಟ್ಟಳು. 1964ರಲ್ಲಿ ಫ್ರಾಂಕ್‌ಫರ್ಟಿನ ನ್ಯಾಯಾಲಯದಲ್ಲಿ, ಆಶ್‌ವಿಟ್ಜ್ ಕಾವಲುಗಾರರ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದಳು. 1980ರಲ್ಲಿ ಆಲ್ಬಮ್ಮನ್ನು ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕಕ್ಕೆ ಒಪ್ಪಿಸಿದಳು. ಕೊಂದವರು ಮಾಡಿದ ಆಲ್ಬಂ ಸತ್ತವರ ಪರ ಸಾಕ್ಷಿಯಾಯಿತು. ಆದದ್ದು ತಾನಾಗಿ ಅಲ್ಲ; ಒಬ್ಬ ಹೆಣ್ಣುಮಗಳು ಮೂವತ್ತೈದು ವರ್ಷ ಜೋಪಾನ ಮಾಡಿದ್ದರಿಂದ.

"ಫೋಟೊ ಸರಿ, ಈ ಚೀಟಿ ಚಪಾಟಿ ಎಲ್ಲ ಯಾಕೆ?" ಎನ್ನುವವರಿದ್ದಾರೆ. ಅವರಿಗೆ ವಾರ್ಸಾದ ಕಥೆ ಹೇಳಬೇಕು. 1940ರ ನವೆಂಬರಿನಲ್ಲಿ ಆ ಊರಿನ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದರು. ಇಮ್ಯಾನುಯೆಲ್ ರಿಂಗಲ್‌ಬ್ಲಮ್ ಎಂಬ ಇತಿಹಾಸಕಾರ ಸುಮಾರು ಅರವತ್ತು ಮಂದಿಯನ್ನು ಕೂಡಿಸಿಕೊಂಡು, ಗುಟ್ಟಾಗಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಸಂಗ್ರಹಿಸಿದ. ರೇಷನ್ ಕಾರ್ಡು, ಟ್ರಾಮಿನ ಟಿಕೆಟ್ಟು, ಮಿಠಾಯಿ ಸುತ್ತಿದ ಕಾಗದ, ಮಕ್ಕಳ ಪ್ರಬಂಧ, ಗೋಡೆಯ ಮೇಲಿನ ಹುಕುಂ, ಯಾವುದನ್ನೂ ಬಿಡಲಿಲ್ಲ. ಆ ಗುಂಪಿನಲ್ಲಿ ರಾಖೆಲ್ ಔಯರ್‌ಬಾಖ್ ಎಂಬ ಲೇಖಕಿಯಿದ್ದಳು. ಹಸಿದವರಿಗೆ ಗಂಜಿ ಕೇಂದ್ರ ನಡೆಸುವುದು ಅವಳ ಕೆಲಸ. ಆ ಅಡುಗೆಮನೆಯಲ್ಲಿ ಸೂಪು ಬಡಿಸುತ್ತಲೇ ಯಾರು ಬಂದರು, ಯಾರು ಬರುವುದು ನಿಂತಿತು ಎಂಬುದನ್ನು ಬರೆದಳು. ಅಡುಗೆಮನೆಯಲ್ಲಿ ಇತಿಹಾಸ ಎಲ್ಲಿ ಬಂತು ಎನ್ನುವ ಗಂಡಸರು ಇದನ್ನು ಗಮನಿಸಲಿ.

ಕಾಗದಗಳನ್ನು ತಗಡಿನ ಪೆಟ್ಟಿಗೆಗಳಲ್ಲೂ ಹಾಲಿನ ಕ್ಯಾನುಗಳಲ್ಲೂ ತುಂಬಿ ನೆಲದಲ್ಲಿ ಹೂತರು. 1944ರ ಮಾರ್ಚಿನಲ್ಲಿ ರಿಂಗಲ್‌ಬ್ಲಮ್‌ನನ್ನು ಹೆಂಡತಿ ಮಗನ ಸಮೇತ ಕೊಂದರು. ಅರವತ್ತರಲ್ಲಿ ಉಳಿದವರು ಮೂವರು. ಯುದ್ಧ ಮುಗಿದ ಮೇಲೆ, ಊರೇ ಇಟ್ಟಿಗೆಯ ರಾಶಿಯಾಗಿದ್ದಾಗ, ಅಗೆಯಿರಿ, ಅಗೆಯಿರಿ ಎಂದು ಬೆನ್ನು ಹತ್ತಿದವಳು ರಾಖೆಲ್. 1946ರ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳು, 1950ರ ಡಿಸೆಂಬರಿನಲ್ಲಿ ಹಾಲಿನ ಕ್ಯಾನುಗಳು ಸಿಕ್ಕವು. ಮೂರನೆಯ ಭಾಗ ಸಿಗಲೇ ಇಲ್ಲ. ಸಿಕ್ಕಿದ್ದೇ ಸುಮಾರು 35,000 ಪುಟ. ನೀರಿಳಿದು ಕೆಲವು ಅಳಿಸಿಹೋಗಿದ್ದವು. ಆ ಹಿರಿಯರಿಗೆ ನಾನು ಅಂದೇ ಹೇಳಬೇಕಾಗಿದ್ದ ಉತ್ತರ ಇದು: ಇವರು ಅಗೆದದ್ದು ಹೆಣವನ್ನಲ್ಲ, ಸತ್ತವರು ನಮಗೆಂದು ಬಿಟ್ಟುಹೋದ ಮಾತನ್ನು.

ಆ ಅಜ್ಜಿಯೇ ನನ್ನನ್ನು ವಾಷಿಂಗ್ಟನ್ನಿನ ಮ್ಯೂಸಿಯಮ್ಮಿಗೆ ಕಳಿಸಿದ್ದು. 1993ರಲ್ಲಿ ತೆರೆದ ಆ ಕಟ್ಟಡದಲ್ಲಿ ಮೂರಂತಸ್ತಿನ ಎತ್ತರಕ್ಕೆ ಫೋಟೊಗಳೇ ಗೋಡೆಯಾದ ಒಂದು ಗೋಪುರವಿದೆ. ಈಗ ಲಿಥುವೇನಿಯಾದಲ್ಲಿರುವ ಐಶಿಶೋಕ್ ಎಂಬ ಒಂದೇ ಊರಿನವರ ಸುಮಾರು ಸಾವಿರ ಚಿತ್ರ. ಒಂದರಲ್ಲೂ ಹೆಣವಿಲ್ಲ. ಮದುವೆಯ ಹೆಣ್ಣು, ಸೈಕಲ್ ಹಿಡಿದ ಹುಡುಗರು, ಸೊಂಟದ ಮೇಲೆ ಕೈಯಿಟ್ಟ ಅಜ್ಜಿ. 1941ರ ಸೆಪ್ಟೆಂಬರಿನಲ್ಲಿ ಎರಡೇ ದಿನಗಳಲ್ಲಿ ಆ ಊರಿನ ಮತ್ತು ಸುತ್ತಲಿನ ಸುಮಾರು 3,500 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಆ ಊರಿನ ಫೋಟೊ ಸ್ಟುಡಿಯೋ ನಡೆಸುತ್ತಿದ್ದ ಆಲ್ಟೆ ಕಾಟ್ಜ್ ಎಂಬಾಕೆಯೂ ಸತ್ತಳು. ಅವಳ ಮೊಮ್ಮಗಳು ಯಾಫಾ ಎಲಿಯಾಖ್ ಬದುಕಿ ಉಳಿದು, ಪ್ರೊಫೆಸರಾಗಿ, ವರ್ಷಾನುಗಟ್ಟಲೆ ದೇಶ ದೇಶ ತಿರುಗಿ ಈ ಚಿತ್ರಗಳನ್ನು ಕೂಡಿಸಿದಳು. ಸಿಕ್ಕಿದ್ದು ಹೇಗೆ ಗೊತ್ತೇ? ಹೊಸ ವರ್ಷಕ್ಕೆ ಶುಭಾಶಯವೆಂದು ಅಮೆರಿಕದ ನೆಂಟರಿಗೆ ಫೋಟೊ ಕಳಿಸುವ ರೂಢಿ ಆ ಊರಲ್ಲಿತ್ತು. ಯಾವುದೋ ಅತ್ತೆ, ಯಾವುದೋ ಚಿಕ್ಕಮ್ಮ ಬಿಸಾಡದೆ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು. ಅಷ್ಟೇ.

60 ಲಕ್ಷ ಎಂದರೆ ಮನಸ್ಸಿಗೆ ಏನೂ ತಟ್ಟುವುದಿಲ್ಲ, ಅದು ಲೆಕ್ಕ. ಆ ಗೋಪುರದಲ್ಲಿ ಒಂದು ಮದುವಣಗಿತ್ತಿಯ ಮುಂದೆ ನಿಂತಾಗ ನನಗೆ ತಟ್ಟಿತು. ಪಠ್ಯಪುಸ್ತಕಗಳೂ ಸಿನಿಮಾಗಳೂ ಹೆಣದ ರಾಶಿಯನ್ನೇ ತೋರಿಸುತ್ತವೆ. ಹೆಣದ ರಾಶಿ ಕೊಂದವರು ಮಾಡಿದ್ದು. ಅವರನ್ನು ನೆನೆಯಬೇಕಾದದ್ದು ಅವರು ಬಾಳಿದ ಹಾಗೆ.

ಇಷ್ಟಾದರೂ ಕಾಗದವನ್ನು ಕಸವೆನ್ನುವವರು ಇನ್ನೂ ಇದ್ದಾರೆ, ಸರಕು ಎನ್ನುವವರೂ ಇದ್ದಾರೆ. 2025ರ ನವೆಂಬರಿನಲ್ಲಿ ಜರ್ಮನಿಯ ಹರಾಜು ಸಂಸ್ಥೆಯೊಂದು ಯಾತನಾ ಶಿಬಿರಗಳಿಂದ ಬರೆದ ಪತ್ರ, ಹಳದಿ ನಕ್ಷತ್ರ, ಪೋಲೀಸ್ ಕಾರ್ಡು ಹೀಗೆ ಆರುನೂರಕ್ಕೂ ಹೆಚ್ಚು ವಸ್ತುಗಳನ್ನು ಹರಾಜಿಗಿಡಲು ಹೊರಟಿತ್ತು. ಸಂತ್ರಸ್ತರ ಕುಟುಂಬದವರು, ಸಂಘಟನೆಗಳು ಎದ್ದು ನಿಂತ ಮೇಲೆ ರದ್ದಾಯಿತು. ಯಾರದೋ ತಾಯಿಯ ಕೊನೆಯ ಪತ್ರಕ್ಕೆ ಕೂಗುಬೆಲೆ! ಮನೆಯವರು ಕಸವೆಂದು ಬಿಟ್ಟ ಕಾಗದ ಕೊನೆಗೆ ಸೇರುವುದು ಇಂಥ ಅಂಗಡಿಗೇ.

ನಡೆದೇ ಇಲ್ಲ ಎನ್ನುವವರೂ ಇದ್ದಾರೆ. ಡೇವಿಡ್ ಇರ್ವಿಂಗ್ ಎಂಬ ಬ್ರಿಟಿಷ್ ಲೇಖಕ, ತನ್ನನ್ನು ನಿರಾಕರಣವಾದಿ ಎಂದು ಕರೆದ ಡೆಬೊರಾ ಲಿಪ್‌ಸ್ಟಾಟ್ ಎಂಬ ಪ್ರಾಧ್ಯಾಪಕಿಯ ಮೇಲೆ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. 2000ದಲ್ಲಿ ಅವನು ಸೋತ. ಬದುಕುಳಿದವರೊಬ್ಬರನ್ನೂ ಅಂದು ಕಟಕಟೆಗೆ ಹತ್ತಿಸಲಿಲ್ಲ, ಗೆಲ್ಲಿಸಿದ್ದು ಕಾಗದಪತ್ರಗಳು. ಕಂಡವರೆಲ್ಲ ಒಬ್ಬೊಬ್ಬರಾಗಿ ಹೋಗುತ್ತಿರುವ ಈ ಕಾಲದಲ್ಲಿ ಮುಂದೆ ಮಾತಾಡುವುದು ಕಾಗದವೊಂದೇ.

ಇನ್ನು "ನಮಗೇನು" ಎಂದವರಿಗೆ. ಜರ್ಮನಿಯಲ್ಲಿ ನೆಲೆ ತಪ್ಪಿದ ಯಹೂದಿ ಮೂಲದ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್‌ಗೆ 1939ರಲ್ಲಿ ಕೆಲಸ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಆತನ ಕಟ್ಟಡಗಳು ಇಂದಿಗೂ ಇವೆ. ನೇಮಿಚಂದ್ರರ 'ಯಾದ್ ವಶೇಮ್' ಓದಿ ಅತ್ತವರು ನಮ್ಮಲ್ಲೇ ಎಷ್ಟಿಲ್ಲ? 2023ರ ಅಕ್ಟೋಬರಿನಿಂದ ಇಸ್ರೇಲಿನಲ್ಲೂ ಗಾಜಾದಲ್ಲೂ ಆದ ಸಾವುಗಳನ್ನು ಕಂಡು, ಇನ್ನು ಆ ಹಳೆಯ ಕಥೆ ಯಾಕೆ ಎನ್ನುವವರೂ ಇದ್ದಾರೆ. 1942ರಲ್ಲಿ ರೈಲು ಹತ್ತಿದ ತಾಯಿ ಇಂದಿನ ಯಾವ ಸರಕಾರದ ವಕೀಲಳೂ ಅಲ್ಲ, ಆರೋಪಿಯೂ ಅಲ್ಲ. ಅವಳ ಫೋಟೊವನ್ನು ಇನ್ನೊಂದು ಮಗುವಿನ ಮುಖಕ್ಕೆ ಅಡ್ಡ ಹಿಡಿಯುವುದೂ ತಪ್ಪು, ಇಂದಿನ ಸಿಟ್ಟಿಗೆ ಅದನ್ನು ಹರಿಯುವುದೂ ತಪ್ಪು.

ಡಬ್ಬಿಯ ಮಾತು ಉಳಿಯಿತು. ಅಂದು ನಾನೂ ಅಜ್ಜಿಯೂ ಮೇಜಿನ ಮುಂದೆ ಕೂತೆವು. "ಮೊದಲು ಹಿಂದೆ ಹೆಸರು ಬರೆಯಿರಿ" ಎಂದೆ. ಪೆನ್ನಲ್ಲ, ಮೆತ್ತನೆಯ ಪೆನ್ಸಿಲು, ಅದೂ ಒತ್ತದೆ. ಅಪ್ಪ, ಅಮ್ಮ, ಸೋದರಮಾವ, ಅಡುಗೆಯಾಕೆ. ಎಲ್ಲಿ, ಯಾವ ವರ್ಷ. ನಾಲ್ಕು ದಿನ ಹಿಡಿಯಿತು. ಕೊನೆಯದು ಶಾಲೆಯ ಫೋಟೊ. ಅವರ ಹೆಗಲಿಗೆ ಹೆಗಲು ತಾಗಿಸಿ ಎರಡು ಜಡೆಯ ಹುಡುಗಿಯೊಬ್ಬಳು ನಗುತ್ತಿದ್ದಳು. "ಇವಳು ನನ್ನ ಗೆಳತಿ" ಎಂದರು. ಹೆಸರು ಬರಲಿಲ್ಲ. ಮರುದಿನವೂ ಬರಲಿಲ್ಲ. "ಇವಳ ಹೆಸರು ಗೊತ್ತಿರುವುದು ನನಗೊಬ್ಬಳಿಗೇ, ನಾನೇ ಮರೆತೆ" ಎಂದು ಮುಖ ಮುಚ್ಚಿಕೊಂಡರು. ಮರೆವಿನಲ್ಲಿ ನೆಮ್ಮದಿಯಿದೆ ಎನ್ನುವವರು ಆ ಮುಖವನ್ನು ನೋಡಬೇಕಾಗಿತ್ತು.

ನಾನು ಊರಿಗೆ ಹೊರಡುವ ಮುನ್ನ ಮಗನನ್ನು ಕರೆಸಿ, ಫೋಟೊಗಳ ಬೆನ್ನು ತೋರಿಸಿದೆವು. ಕಂಪ್ಯೂಟರಿನ ಮಾತು ಅವನು ಮತ್ತೆ ಎತ್ತಲಿಲ್ಲ. 2016ರಲ್ಲಿ ಅಜ್ಜಿ ತೀರಿಕೊಂಡಾಗ ಡಬ್ಬಿಯನ್ನು ಅವನೇ ಹೋಗಿ ಮ್ಯೂಸಿಯಮ್ಮಿಗೆ ಒಪ್ಪಿಸಿದನೆಂದು ಮಗಳು ಫೋನಿನಲ್ಲಿ ಹೇಳಿದಳು. ಯಾದ್ ವಶೇಮಿನಲ್ಲಿ ಇದುವರೆಗೆ ಕೂಡಿರುವುದು ಸುಮಾರು 50 ಲಕ್ಷ ಹೆಸರು. ಉಳಿದ ಹತ್ತು ಲಕ್ಷದಲ್ಲಿ ಆ ಎರಡು ಜಡೆಯ ಹುಡುಗಿಯೂ ಇದ್ದಾಳೋ, ಅಥವಾ ಎಲ್ಲಾದರೂ ಬದುಕಿ ಉಳಿದಿದ್ದಳೋ. ಆ ಫೋಟೊದ ಹಿಂದೆ ಎಂಟು ಹೆಸರಿವೆ. ಅವಳ ಜಾಗ ಖಾಲಿ ಬಿಟ್ಟಿದ್ದೇವೆ.